ಮೃತ್ಯುಪತ್ರ ಬರೆದಿಟ್ಟಿದ್ದೀರಾ? ವರ್ಷಕ್ಕೊಮ್ಮೆ ಪಹಣಿ ಪಕ್ಕ ಇಟ್ಟು ಓದಿ

ಸಿಂಧನೂರು ತಾಲ್ಲೂಕಿನ ನಮ್ಮ ದೊಡ್ಡಪ್ಪ ಸ್ವಂತ ದುಡಿದು ಆರು ಎಕರೆ ಮಾಡಿದ್ದರು. ಕಾಲುವೆ ಕಡೆಯ ಎರಡು ಎಕರೆ ಕಿರಿಯ ಮಗನಿಗೆ, ಉಳಿದ ನಾಲ್ಕು ಹಿರಿಯನಿಗೆ ಅಂತ ಮೃತ್ಯುಪತ್ರ ಬರೆಸಿ, ರಿಜಿಸ್ಟರ್ ಮಾಡಿಸಿ ಟ್ರಂಕಿನಲ್ಲಿಟ್ಟರು. ನಾಲ್ಕು ವರ್ಷ ಬಿಟ್ಟು, ಮಗಳ ಮದುವೆಗೆ ಆ ಎರಡು ಎಕರೆಯನ್ನೇ ಮಾರಿದರು. ಪತ್ರ ಮಾತ್ರ ಹಾಗೇ ಉಳಿಯಿತು. ಅವರು ತೀರಿಕೊಂಡ ಮೇಲೆ ಕಿರಿಯವನ ಪಾಲಿಗೆ ಏನೂ ಬರಲಿಲ್ಲ. ಹೆಸರಿಸಿ ಬರೆದ ಜಮೀನು ಬರೆದವರು ಸಾಯುವ ಹೊತ್ತಿಗೆ ಅವರ ಕೈಯಲ್ಲಿ ಇಲ್ಲದಿದ್ದರೆ, ಅದರ ಬದಲಿಗೆ ಬೇರೆ ಹೊಲವಾಗಲಿ ಹಣವಾಗಲಿ ಸಿಗುವುದಿಲ್ಲ. ದೊಡ್ಡಪ್ಪ ಮಕ್ಕಳಲ್ಲಿ ಭೇದ ಮಾಡಿದವರಲ್ಲ. ಪತ್ರ ತೆಗೆದು ಮತ್ತೆ ಓದಲಿಲ್ಲ, ಅಷ್ಟೇ. ಅಣ್ಣ ತಮ್ಮ ಇವತ್ತಿಗೂ ಮಾತಾಡುವುದಿಲ್ಲ.

ಅದಕ್ಕೇ ಮೊದಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಬೆಳೆಸಾಲಕ್ಕೆ ಪಹಣಿ ತೆಗೆಸುತ್ತೇವೆ, ಅಲ್ವಾ? ಅವತ್ತೇ ಮೃತ್ಯುಪತ್ರವನ್ನೂ ಹೊರಗೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ ಒಂದೊಂದಾಗಿ ತಾಳೆ ನೋಡಿ. ಪೋಡಿ ಆಗಿದ್ದರೆ, ಅಂದರೆ ಜಮೀನನ್ನು ಅಳೆದು ತುಂಡು ಮಾಡಿದ್ದರೆ, ನಂಬರ್ ಬದಲಾಗಿರುತ್ತದೆ. ಪತ್ರದಲ್ಲಿ 112 ಅಂತಿದ್ದು ಪಹಣಿಯಲ್ಲಿ 112/3 ಅಂತ ಬಂದಿದ್ದರೆ, ಯಾವ ತುಂಡು ಯಾರಿಗೆ ಅನ್ನೋ ಜಗಳ ಅಲ್ಲೇ ಹುಟ್ಟುತ್ತದೆ. ಆಮೇಲೆ ಕೊಂಡ ಗಂಗಾವತಿಯ ಸೈಟು, ಟ್ರ್ಯಾಕ್ಟರ್, ಬ್ಯಾಂಕಿನ ಠೇವಣಿ ಪತ್ರದಲ್ಲಿ ಇವೆಯಾ? ‘ಇನ್ನುಳಿದ ಎಲ್ಲ ಆಸ್ತಿ ಇಂಥವರಿಗೆ’ ಎಂಬ ಒಂದು ಸಾಲು ಇದ್ದರೆ ಮರೆತದ್ದಕ್ಕೂ ದಾರಿ ಆಗುತ್ತದೆ.

ಹಿರಿಯರಿಂದ ಬಂದ, ಇನ್ನೂ ಪಾಲಾಗದ ಜಮೀನಾದರೆ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು. ಅದಕ್ಕಿಂತ ಹಳೆಯ ಪತ್ರವಿದ್ದರೆ ವಕೀಲರಿಗೆ ತೋರಿಸಲೇಬೇಕು. ಮುಸ್ಲಿಂ ಮನೆಯವರಿಗೆ ಲೆಕ್ಕ ಬೇರೆ: ವಾರಸುದಾರರು ಒಪ್ಪದೆ, ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬರೆಯಲು ಬರುವುದಿಲ್ಲ.

ಜಮೀನು ಆಯಿತು, ಈಗ ಮನುಷ್ಯರು. ಮನೆಯಲ್ಲಿ ಮದುವೆ, ಮಗು, ಸಾವು ಏನೇ ಆದರೂ ವರ್ಷ ಕಾಯಬೇಡಿ, ಆಗಲೇ ಪತ್ರ ನೋಡಿ. ತಮ್ಮನಿಗೆ ಅಂತ ಬರೆದಿದ್ದು, ಅವನು ನಿಮಗಿಂತ ಮೊದಲೇ ತೀರಿಕೊಂಡರೆ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಅವನ ಮಕ್ಕಳಿಗೆ ತಾನಾಗಿ ಸೇರುವುದಿಲ್ಲ. ಅವರಿಗೆ ಸೇರಲಿ ಅಂತಿದ್ದರೆ ಹಾಗಂತ ಬರೆಯಬೇಕು.

ಬದಲಾವಣೆ ಬೇಕು ಅನಿಸಿತು ಅಂತ ಹಳೆಯ ಪತ್ರದ ಮೇಲೆ ಸುಮ್ನೆ ಪೆನ್ನಿನಿಂದ ಗೀಚಬೇಡಿ. ನೀವು ಮತ್ತು ಇಬ್ಬರು ಸಾಕ್ಷಿಗಳು ಅಲ್ಲಿ ಸಹಿ ಹಾಕದಿದ್ದರೆ ಆ ತಿದ್ದುಪಡಿ ನಡೆಯುವುದಿಲ್ಲ. ಹೊಸದನ್ನೇ ಬರೆಸುವುದು ವಾಸಿ. ‘ಹಿಂದಿನ ಎಲ್ಲ ಮೃತ್ಯುಪತ್ರ ರದ್ದು’ ಅಂತ ಮೊದಲೇ ಬರೆಸಿ, ತಾರೀಖು ಹಾಕಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರೂ ನಿಮ್ಮ ಎದುರೇ ಸಹಿ ಮಾಡಲಿ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಸ್ಟಾಂಪ್ ಡ್ಯೂಟಿ ಇಲ್ಲ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ ಅನ್ನೋದು ನನ್ನ ಮಾತು.

ಬ್ಯಾಂಕಿನ ನಾಮಿನಿಯನ್ನೂ ಅದೇ ವಾರ ನೋಡಿ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವರಷ್ಟೇ, ಹಣ ಅವರದಾಗುವುದಿಲ್ಲ. 2025ರ ನವೆಂಬರ್‌ನಿಂದ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಪತ್ರದಲ್ಲಿರುವ ಹೆಸರುಗಳೇ ಅಲ್ಲೂ ಇರಲಿ.

ನಮ್ಮ ಮನೆಯಲ್ಲಿ ಪತ್ರ ಈಗ ಪಾಸ್‌ಬುಕ್ಕಿನ ಜೊತೆ ಒಂದೇ ಚೀಲದಲ್ಲಿದೆ. ಆ ಚೀಲ ಎಲ್ಲಿದೆ ಅಂತ ಅಪ್ಪ, ಅವ್ವನಿಗೂ ತಂಗಿಗೂ ಕರೆದು ತೋರಿಸಿದ್ದಾರೆ.