ಔಟ್‌ಬೋರ್ಡ್ ಎಂಜಿನ್: ಕಾರ್ಬುರೇಟರ್ ಓವರ್‌ಫ್ಲೋ ಆದರೆ ಏನು ಮಾಡಬೇಕು?

ಏರ್ ಸೈಲೆನ್ಸರ್ (ಕಾರ್ಬುರೇಟರ್‌ಗೆ ಗಾಳಿ ಹೋಗುವ ಪೆಟ್ಟಿಗೆ) ಕೆಳಗಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ದೋಣಿಯ ಹಿಂಬದಿಯ ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲುತ್ತದೆ. ವೇಗದಲ್ಲಿ ಚೆನ್ನಾಗಿಯೇ ಓಡಿದ ಎಂಜಿನ್ ಥ್ರಾಟಲ್ ಇಳಿಸಿದ ಕೂಡಲೇ ತಡವರಿಸಿ ನಿಲ್ಲುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಕಪ್ಪಾಗಿ ಒದ್ದೆಯಾಗಿರುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಕಾರ್ಬುರೇಟರ್ ಮೇಲೆ ಅನುಮಾನ ಪಡಲು ಸಾಕು. ವೇಗದಲ್ಲಿ ತೊಂದರೆ ಕಾಣದಿರುವುದಕ್ಕೂ ಕಾರಣವಿದೆ: ಆಗ ಎಂಜಿನ್ ಕುಡಿಯುವ ಪೆಟ್ರೋಲ್ ಸೋರಿಕೆಗಿಂತ ಎಷ್ಟೋ ಹೆಚ್ಚು. ಐಡಲ್‌ಗೆ ಬಂದಾಗ ಬೇಕಾಗುವುದು ಸ್ವಲ್ಪ, ಸೋರುವುದು ಮಾತ್ರ ಮೊದಲಿನಷ್ಟೇ.

ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿಗೆ ಬೌಲ್ ಎನ್ನುತ್ತಾರೆ. ಅದರೊಳಗಿನ ವ್ಯವಸ್ಥೆ ನೀರಿನ ತೊಟ್ಟಿಯ ಬಾಲ್ ವಾಲ್ವ್‌ನಂತೆಯೇ. ಪೆಟ್ರೋಲ್ ಏರಿದಂತೆ ಫ್ಲೋಟ್ ಏರುತ್ತದೆ, ಅದರ ನಾಲಿಗೆ ನೀಡಲ್ ವಾಲ್ವನ್ನು ಸೀಟ್‌ಗೆ ಒತ್ತಿ ದಾರಿ ಮುಚ್ಚುತ್ತದೆ. ಈ ಮುಚ್ಚುವಿಕೆ ಪೂರ್ತಿಯಾಗದಿದ್ದರೆ ಬೌಲ್ ತುಂಬಿ, ಮುಖ್ಯ ನಾಝಲ್ ಮೂಲಕವೋ ವೆಂಟ್ (ಗಾಳಿಕಿಂಡಿ) ಮೂಲಕವೋ ಹೊರಚೆಲ್ಲುತ್ತದೆ. ದೋಷ ಬಹುಪಾಲು ನೀಡಲ್ ಮತ್ತು ಸೀಟ್ ನಡುವೆಯೇ ಇರುತ್ತದೆ. ಆದರೆ ಅಲ್ಲಿ ಕೂತ ಕಸ ಬೌಲ್‌ನಲ್ಲಿ ಹುಟ್ಟಿದ್ದಲ್ಲ, ಪೈಪು ಅಥವಾ ಟ್ಯಾಂಕಿನಿಂದ ಬಂದದ್ದು. ಅದರ ಮೂಲ ಹುಡುಕದೆ ಬರೀ ರಿಪೇರಿ ಕಿಟ್‌ನ ಭಾಗಗಳನ್ನು ಬದಲಿಸಿದರೆ ಅದೇ ಕೆಲಸ ಮತ್ತೊಮ್ಮೆ ಕಾದಿರುತ್ತದೆ.

ಮೊದಲು ಸುರಕ್ಷತೆ

ಪೆಟ್ರೋಲ್ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ. ಕೌಲ್‌ನ (ಎಂಜಿನ್ ಮೇಲಿನ ಮುಚ್ಚಳದ) ತಳದಲ್ಲಿ, ದೋಣಿಯ ಹೊಟ್ಟೆಯಲ್ಲಿ ಕೂತಿರುತ್ತದೆ. ಹಾಗಾಗಿ ಕೆಲಸ ಬಯಲಲ್ಲಿ ನಡೆಯಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ, ಕಿಲ್ ಸ್ವಿಚ್‌ನ ಕ್ಲಿಪ್ ಕಳಚಿ, ಟ್ಯಾಂಕಿನ ಹೋಸ್ ಬಿಡಿಸಿ. ಪೆಟ್ರೋಲ್ ಬೆಂಕಿಗೆ ಹೊಂದುವ ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಲ್ಲಿರಲಿ. ಕ್ಲೀನರ್ ಸ್ಪ್ರೇ ಸಣ್ಣ ರಂಧ್ರದಿಂದ ಎದುರು ಚಿಮ್ಮುವುದರಿಂದ ಕನ್ನಡಕ ಬೇಕೇ ಬೇಕು.

ಬಿಚ್ಚುವ ಮೊದಲು ಹೊರಗಿನ ಕಾರಣಗಳನ್ನು ನೋಡಿ

ಕಾರ್ಬುರೇಟರ್ ತಪ್ಪಿಲ್ಲದೆಯೂ ಎಂಜಿನ್ ಫ್ಲಡ್ ಆಗುವುದುಂಟು. ಬಿಸಿಲಲ್ಲಿ ಕಾದ ಟ್ಯಾಂಕ್ ಇದರಲ್ಲಿ ಮೊದಲನೆಯದು. ವೆಂಟ್ ಮುಚ್ಚಿದ ಟ್ಯಾಂಕಿನಲ್ಲಿ ಆವಿಯ ಒತ್ತಡ ಏರಿ, ಪೆಟ್ರೋಲ್ ತಾನೇ ಎಂಜಿನ್ ಕಡೆ ನುಗ್ಗುತ್ತದೆ. ಸ್ವಯಂಚಾಲಿತ ವೆಂಟ್ ಇರುವ ಈಚಿನ ಟ್ಯಾಂಕ್‌ಗಳು ಸುಮಾರು 5 ಪಿಎಸ್ಐವರೆಗೆ ಒತ್ತಡ ಹಿಡಿದಿಡಬಲ್ಲವು. ಹಳೆಯ ನೀಡಲ್‌ಗೆ ಅಷ್ಟನ್ನು ತಡೆಯುವುದು ಕಷ್ಟ. ಮುಚ್ಚಳ ಸಡಿಲಿಸಿದಾಗ ‘ಉಸ್’ ಎಂದು ಗಾಳಿ ಹೊರಬಂದು, ಆಮೇಲೆ ಸೋರಿಕೆಯೂ ನಿಂತರೆ ಕಾರ್ಬುರೇಟರ್ ಬಿಚ್ಚುವ ಅಗತ್ಯವಿಲ್ಲ. ಎಂಜಿನ್ ನಿಲ್ಲಿಸಿದಾಗಲೆಲ್ಲ ಹೋಸ್ ಕಳಚುವುದು, ಇಲ್ಲವೇ ಲೈನ್‌ನಲ್ಲಿ ಡಿಮಾಂಡ್ ವಾಲ್ವ್ (ಎಂಜಿನ್ ಎಳೆದಾಗ ಮಾತ್ರ ಪೆಟ್ರೋಲ್ ಬಿಡುವ ವಾಲ್ವ್) ಹಾಕುವುದು ಅದಕ್ಕೆ ಮದ್ದು.

ಎರಡನೆಯದು ಪ್ರೈಮರ್ ಬಲ್ಬ್, ಅಂದರೆ ಟ್ಯಾಂಕಿನ ಹೋಸ್‌ನಲ್ಲಿರುವ, ಕೈಯಿಂದ ಹಿಸುಕಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ. ಬಲ್ಬ್ ಗಟ್ಟಿಯಾದ ಮೇಲೂ ಹಿಸುಕುತ್ತಲೇ ಇದ್ದರೆ ಸುಸ್ಥಿತಿಯ ನೀಡಲ್ ಕೂಡ ಬಿಟ್ಟುಕೊಡುತ್ತದೆ. ಕೈಯ ಬಲ ಎಂಜಿನ್‌ನ ಡಯಾಫ್ರಾಮ್ (ಬಾಗುವ ತೆಳು ಪದರದ) ಪಂಪ್‌ಗಿಂತ ಹೆಚ್ಚು. ಗಟ್ಟಿಯಾದ ಕೂಡಲೇ ಕೈ ಬಿಡಿ.

ಚೋಕ್‌ನ ಚಿಟ್ಟೆ (ಗಾಳಿಯ ದಾರಿ ಮುಚ್ಚುವ ತಿರುಗು ತಟ್ಟೆ) ಪೂರ್ತಿ ತೆರೆಯುತ್ತಿದೆಯೇ ಎಂದು ಕಣ್ಣಲ್ಲೇ ನೋಡಿ. ಕೇಬಲ್ ಬಿಗಿದು ಅರ್ಧಕ್ಕೇ ನಿಂತಿರುವುದು ಸಾಮಾನ್ಯ. ಎಷ್ಟೋ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಚಿಟ್ಟೆಯ ಬದಲು ವಿದ್ಯುತ್ತಿನಿಂದ ಬಿಸಿಯಾಗುವ ಮೇಣದ ಪ್ಲಂಜರ್ ಇರುತ್ತದೆ. ಅದರ ವೈರ್ ತುಕ್ಕು ಹಿಡಿದರೆ ಪ್ಲಂಜರ್ ಮುಂದೆ ಚಾಚುವುದೇ ಇಲ್ಲ, ಹೆಚ್ಚುವರಿ ಪೆಟ್ರೋಲ್‌ನ ದಾರಿ ತೆರೆದೇ ಉಳಿಯುತ್ತದೆ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆದ ಎಂಜಿನ್ ಬಿಸಿಯಾದಂತೆ ಹೊಗೆ ಕಾರುತ್ತದೆ. ಈ ದೋಷದಲ್ಲಿ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗುರುತು ಅದೇ.

ಫ್ಯೂಯೆಲ್ ಪಂಪ್‌ನ ಡಯಾಫ್ರಾಮ್ ಹರಿದಾಗಲೂ ಕಾರ್ಬುರೇಟರೇ ಬೈಗುಳ ತಿನ್ನುತ್ತದೆ. ಟೂ ಸ್ಟ್ರೋಕ್‌ನಲ್ಲಿ ಈ ಪಂಪ್ ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದ ನಡೆಯುತ್ತದೆ. ಡಯಾಫ್ರಾಮ್ ಹರಿದರೆ ಆ ಒತ್ತಡ ಬರುವ ರಂಧ್ರದಿಂದಲೇ ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸ್‌ನೊಳಗೆ ಹೋಗುತ್ತದೆ. ಪಂಪ್ ಜೋಡಿಸಿರುವ ಸಿಲಿಂಡರ್‌ನ ಪ್ಲಗ್ ಮಾತ್ರ ಒದ್ದೆಯಾಗಿ ಉಳಿದವು ಒಣಗಿದ್ದರೆ ಪಂಪ್ ಬಿಚ್ಚಿ ನೋಡಿ. ಮೆಕ್ಯಾನಿಕಲ್ ಪಂಪ್ ಇರುವ ಫೋರ್ ಸ್ಟ್ರೋಕ್‌ಗಳಲ್ಲಿ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ.

ಇವೆಲ್ಲ ಸರಿಯಿದ್ದರೆ ಖಚಿತಪಡಿಸುವ ಪರೀಕ್ಷೆ ಸುಲಭ. ಎಂಜಿನ್ ನೆಟ್ಟಗೆ ನಿಂತಿರಲಿ; ಎತ್ತಿ ಓರೆಯಾಗಿಟ್ಟರೆ ಫ್ಲೋಟ್ ಕೆಲಸ ಮಾಡದು, ಸೋರಿದ್ದಕ್ಕೆ ಅರ್ಥವೂ ಇರದು. ಏರ್ ಸೈಲೆನ್ಸರ್ ತೆಗೆದು, ಹೋಸ್ ಜೋಡಿಸಿ, ಬಲ್ಬ್ ಗಟ್ಟಿಯಾಗುವವರೆಗೆ ಹಿಸುಕಿ, ಕಾರ್ಬುರೇಟರ್ ಗಂಟಲಲ್ಲಿ ಟಾರ್ಚ್ ಹಾಕಿ ನೋಡಿ. ಒಂದೆರಡು ನಿಮಿಷದೊಳಗೆ ಪೆಟ್ರೋಲ್ ಜಿನುಗಿದರೆ ನೀಡಲ್ ಹಿಡಿಯುತ್ತಿಲ್ಲ. ಎರಡು ಮೂರು ಕಾರ್ಬುರೇಟರ್ ಇರುವ ಎಂಜಿನ್‌ನಲ್ಲಿ ತಪ್ಪು ಯಾವುದರದ್ದು ಎಂದೂ ಇಲ್ಲೇ ಗೊತ್ತಾಗುತ್ತದೆ. ನೀರಿನ ನಡುವೆ ಸಿಕ್ಕಿಬಿದ್ದಿದ್ದರೆ ಬೌಲ್‌ನ ಪಕ್ಕಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಸೋರುವುದು ನಿಂತರೆ ದಡ ಸೇರಬಹುದು, ರಿಪೇರಿ ಆಯಿತೆಂದು ತಿಳಿಯಬಾರದು.

ಬಿಚ್ಚುವುದು

ಬೇಕಾದದ್ದು: 10 ಮಿಮೀ ಸ್ಪ್ಯಾನರ್ ಅಥವಾ ಸಾಕೆಟ್, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಮೂತಿ ಸಣ್ಣ ಪ್ಲಯರ್, ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಕಾರ್ಬ್ ಕ್ಲೀನರ್, ನಿಮ್ಮ ಮಾಡೆಲ್ ನಂಬರಿಗೆ ಹೊಂದುವ ಕಿಟ್ (ನೀಡಲ್, ಸೀಟ್ ಬಿಚ್ಚುವಂಥದಾದರೆ ಅದೂ, ಬೌಲ್ ಗ್ಯಾಸ್ಕೆಟ್, ಫ್ಲೇಂಜ್ ಗ್ಯಾಸ್ಕೆಟ್, ಓ ರಿಂಗ್‌ಗಳು). ಕಿಟ್ ಕೊಳ್ಳುವಾಗ ಎಂಜಿನ್‌ನ ಹಾರ್ಸ್‌ಪವರ್ ಹೇಳಿದರೆ ಸಾಲದು. ಒಂದೇ ಎಂಜಿನ್‌ಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಕಾರ್ಬುರೇಟರ್ ಬಂದಿರುತ್ತದೆ.

ಲಿಂಕ್, ಕೇಬಲ್, ಹೋಸ್‌ಗಳ ಫೋಟೋ ಮೊದಲೇ ತೆಗೆದಿಡಿ. ಗಟ್ಟಿಯಾದ ಹೋಸನ್ನು ಎಳೆದರೆ ನಿಪಲ್ ಮುರಿಯುತ್ತದೆ. ತಿರುಚಿ ಸಡಿಲಿಸಿ, ಬರದಿದ್ದರೆ ಉದ್ದಕ್ಕೆ ಸೀಳಿ ಹೊಸದು ಹಾಕಿ. ಥ್ರಾಟಲ್ ಮತ್ತು ಚೋಕ್ ಲಿಂಕ್ ಕಳಚಿ, ಎರಡು ಫ್ಲೇಂಜ್ ನಟ್ ಬಿಚ್ಚಿದರೆ ಕಾರ್ಬುರೇಟರ್ ಕೈಗೆ ಬರುತ್ತದೆ. ಮ್ಯಾನಿಫೋಲ್ಡ್‌ನ ಬಾಯಿಗೆ ಒಣ ಬಟ್ಟೆ ತುರುಕಿ.

ಬೌಲ್‌ನಲ್ಲಿರುವುದನ್ನು ಚೆಲ್ಲಬೇಡಿ. ಡ್ರೇನ್ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು ನೋಡಿ. ತಳದಲ್ಲಿ ಉರುಳಾಡುವ ಹನಿಗಳು ನೀರು. ಕಂದು ಪುಡಿಯಾದರೆ ಎಲ್ಲೋ ಉಕ್ಕಿನ ಟ್ಯಾಂಕ್ ಅಥವಾ ಫಿಟಿಂಗ್ ತುಕ್ಕು ಹಿಡಿದಿದೆ. ಕಪ್ಪು ಇಲ್ಲವೇ ಬೂದು ಬಣ್ಣದ ಚೂರುಗಳು ಹೋಸ್‌ನ ಒಳಪದರದ್ದು. ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ಹೋಸ್‌ಗಳು ಹೀಗೆ ಸುಲಿಯುತ್ತವೆ. ಹಳದಿ ಅಂಟು ತಿಂಗಳುಗಟ್ಟಲೆ ನಿಂತ ಪೆಟ್ರೋಲ್‌ನ ಗುರುತು. ಇಡೀ ಕೆಲಸದಲ್ಲಿ ಹೆಚ್ಚು ಮಾಹಿತಿ ಕೊಡುವುದು ಈ ಲೋಟವೇ, ಆದರೂ ಹೆಚ್ಚಿನವರು ನೋಡದೆ ಚೆಲ್ಲಿಬಿಡುತ್ತಾರೆ.

ಬೌಲ್‌ನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಬೌಲ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಮರದ ತುಂಡಿನಿಂದ ತಟ್ಟಿ. ಫ್ಲೋಟ್‌ನ ಪಿನ್ ಒಂದು ಕಡೆಗೆ ಮಾತ್ರ ಸಲೀಸಾಗಿ ಬರುತ್ತದೆ. ತಪ್ಪು ಕಡೆಯಿಂದ ಬಡಿದರೆ ಅಲ್ಯೂಮಿನಿಯಂ ಕಂಬ ಮುರಿಯುತ್ತದೆ, ಆಮೇಲೆ ಕಾರ್ಬುರೇಟರನ್ನೇ ಬದಲಿಸಬೇಕು. ಕೆಲವು ಮಾದರಿಗಳಲ್ಲಿ ಪಿನ್ನನ್ನು ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಫ್ಲೋಟ್ ಎತ್ತಿದಾಗ ನೀಡಲ್ ಅದರ ನಾಲಿಗೆಗೆ ಸಣ್ಣ ತಂತಿಯ ಕ್ಲಿಪ್‌ನಿಂದ ನೇತಾಡುತ್ತ ಬರುತ್ತದೆ. ಕ್ಲಿಪ್ ಕೂತಿರುವ ರೀತಿ ಗಮನಿಸಿ.

ನೀಡಲ್, ಸೀಟ್, ಫ್ಲೋಟ್

ನೀಡಲ್‌ನ ರಬ್ಬರ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಉಂಗುರದಂಥ ಗೆರೆ ಬಿದ್ದಿದ್ದರೆ, ಉಬ್ಬಿದ್ದರೆ, ಉಗುರಿಗೆ ಗಟ್ಟಿಯಾಗಿ ಸಿಕ್ಕರೆ ಅದರ ಆಯುಷ್ಯ ಮುಗಿಯಿತು. ಹಿಂಬದಿಯ ಸ್ಪ್ರಿಂಗ್ ಪಿನ್ ಒತ್ತಿದಾಗ ಒಳಹೋಗಿ ತಾನೇ ಹೊರಬರಬೇಕು. ಬಿಚ್ಚಿದ ಮೇಲೆ ನೀಡಲ್ ಹೊಸದೇ ಹಾಕಿ, ಹಳೆಯದು ಚೆನ್ನಾಗಿ ಕಂಡರೂ ಸರಿ.

ಸೀಟ್ ಸ್ಕ್ರೂ ಆಗುವಂಥದಾದರೆ ಕೆಳಗಿನ ವಾಷರ್ ಸಹಿತ ಬದಲಿಸಿ. ಈ ವಾಷರ್ ಬಿಟ್ಟುಹೋದರೆ ಹೊಸ ನೀಡಲ್ ಹಾಕಿಯೂ ಪೆಟ್ರೋಲ್ ಸೀಟ್‌ನ ಪಕ್ಕದಿಂದ ನುಸುಳುತ್ತದೆ. ಒತ್ತಿ ಕೂರಿಸಿದ ಹಿತ್ತಾಳೆ ಸೀಟ್ ಆದರೆ, ಹತ್ತಿಯ ಕಡ್ಡಿಗೆ ಲೋಹದ ಪಾಲಿಷ್ ಒಂದು ಹನಿ ಹಚ್ಚಿ ಬೆರಳಲ್ಲಿ ತಿರುಗಿಸಿ, ಆಮೇಲೆ ಕ್ಲೀನರ್‌ನಿಂದ ಚೆನ್ನಾಗಿ ತೊಳೆಯಿರಿ. ಮರಳು ಕಾಗದ ಬೇಡ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೇಲದು, ನೀಡಲನ್ನು ಒತ್ತದು. ಅನುಮಾನವಿದ್ದರೆ ಪೆಟ್ರೋಲ್ ಒರೆಸಿ, ಬೆಂಕಿಯಿಂದ ದೂರದಲ್ಲಿ ಬಿಸಿನೀರಿನೊಳಗೆ ಮುಳುಗಿಸಿ. ಬಿರುಕಿದ್ದರೆ ಗುಳ್ಳೆ ಬರುತ್ತದೆ. ಫೋಮ್‌ನಂಥ ಗಟ್ಟಿ ಫ್ಲೋಟ್ ಪೆಟ್ರೋಲ್ ಹೀರಿ ಭಾರವಾಗುತ್ತದೆ, ಗುಳ್ಳೆ ತೋರಿಸುವುದಿಲ್ಲ. ಅದನ್ನು ಹೊಸದರೊಂದಿಗೆ ತೂಗಿಯೇ ತಿಳಿಯಬೇಕು. ಪಿನ್‌ನ ನಡುವೆ ಸವೆತದ ಹಳ್ಳ ಬಿದ್ದಿದ್ದರೆ ಫ್ಲೋಟ್ ಅಲ್ಲೇ ತಡೆಯುತ್ತದೆ, ಪಿನ್ನನ್ನೂ ಬದಲಿಸಿ.

ಇಷ್ಟು ಬಿಚ್ಚಿದ ಮೇಲೆ ಜೆಟ್‌ಗಳನ್ನೂ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆ ತುಂಡುಗಳನ್ನೂ) ತೊಳೆಯುವುದು ಲೇಸು. ಐಡಲ್ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಹಗುರವಾಗಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದಿಡಿ. ಜೆಟ್ ರಂಧ್ರಕ್ಕೆ ಲೋಹದ ತಂತಿ ಹಾಕಬೇಡಿ, ಹಿತ್ತಾಳೆ ಮೆದು, ರಂಧ್ರ ದೊಡ್ಡದಾಗುತ್ತದೆ. ನೈಲಾನ್ ಗಾಳದ ದಾರ ಸಾಕು. ಕ್ಲೀನರ್ ಸಿಂಪಡಿಸುವಾಗ ರಬ್ಬರ್ ಭಾಗ ಯಾವುದೂ ಒಳಗಿರಬಾರದು. ಫ್ಲೋಟ್ ಜೋಡಿಸಿದ ಸ್ಥಿತಿಯಲ್ಲಿ ಕಂಪ್ರೆಸರ್ ಗಾಳಿಯನ್ನು ಎಂದಿಗೂ ಹಾಯಿಸಬೇಡಿ.

ಫ್ಲೋಟ್ ಎತ್ತರ

ಹೊಸ ಭಾಗಗಳನ್ನು ಜೋಡಿಸಿ, ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿಯಿರಿ. ಫ್ಲೋಟ್‌ನ ಭಾರ ನೀಡಲ್ ಮೇಲೆ ಬೀಳಬೇಕು, ಆದರೆ ಸ್ಪ್ರಿಂಗ್ ಪಿನ್ ಅದುಮಿಹೋಗಬಾರದು. ಅದುಮಿದರೆ ಅಳತೆ ತಪ್ಪುತ್ತದೆ. ಪಿನ್ ಮೆತ್ತಗಿದ್ದರೆ ಕಾರ್ಬುರೇಟರನ್ನು ಸ್ವಲ್ಪ ಓರೆ ಮಾಡಿ, ನಾಲಿಗೆ ಪಿನ್ನಿಗೆ ಈಗಷ್ಟೇ ತಾಗಿದ ಕ್ಷಣದಲ್ಲಿ ಅಳೆಯಿರಿ. ಎಲ್ಲಿಂದ ಎಲ್ಲಿಗೆ, ಗ್ಯಾಸ್ಕೆಟ್ ಸಹಿತವೋ ರಹಿತವೋ ಎನ್ನುವುದು ಸರ್ವಿಸ್ ಮ್ಯಾನುವಲ್‌ನಲ್ಲಿ ಇರುತ್ತದೆ. ಹಳೆಯ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಫ್ಲೋಟ್ ಅಂಚು ಬೌಲ್ ಕೂರುವ ಮುಖಕ್ಕೆ ಸಮಾನಾಂತರವಾಗಿರಬೇಕು.

ತಿದ್ದುವುದಿದ್ದರೆ ಲೋಹದ ನಾಲಿಗೆಯನ್ನಷ್ಟೇ ಕೂದಲೆಳೆಯಷ್ಟು ಬಾಗಿಸಿ, ಅದೂ ನೀಡಲ್ ಹೊರತೆಗೆದ ಮೇಲೆ. ಫ್ಲೋಟ್ ಒತ್ತಿ ಬಾಗಿಸಿದರೆ ಹೊಸ ರಬ್ಬರ್ ತುದಿಯಲ್ಲಿ ಗೆರೆ ಮೂಡುತ್ತದೆ. ಮಟ್ಟ ಮೇಲಿದ್ದರೆ ಐಡಲ್‌ನಲ್ಲಿ ಹೊಗೆ. ತೀರಾ ಕೆಳಗಿದ್ದರೆ ವೇಗದಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗಿ ಪಿಸ್ಟನ್ ಕಳೆದುಕೊಳ್ಳುವ ಅಪಾಯ. ಓವರ್‌ಫ್ಲೋ ನಿಲ್ಲಿಸಲೆಂದು ಫ್ಲೋಟ್ ತಗ್ಗಿಸುವವರಿದ್ದಾರೆ. ಅದು ರೋಗ ಮುಚ್ಚಿಡುವ ಕೆಲಸ, ಟೂ ಸ್ಟ್ರೋಕ್‌ನಲ್ಲಿ ದುಬಾರಿ ಕೆಲಸ ಕೂಡ.

ಬೌಲ್ ಮುಚ್ಚುವ ಮೊದಲು ಒಂದು ಪರೀಕ್ಷೆ: ಇನ್ಲೆಟ್‌ಗೆ ಪೆಟ್ರೋಲ್ ಕಾಣದ ಹೊಸ ಹೋಸ್ ತುಂಡು ಹಾಕಿ, ತಲೆಕೆಳಗಾಗಿ ಹಿಡಿದು ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಮಾಡಿದರೆ ಸರಾಗವಾಗಿ ಹೋಗಬೇಕು.

ಮರುಜೋಡಣೆ ಮತ್ತು ಮೊದಲ ಸ್ಟಾರ್ಟ್

ಬೌಲ್ ಸ್ಕ್ರೂಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿ ಮಾಡಿ. ಗ್ಯಾಸ್ಕೆಟ್‌ಗೆ ಅಂಟು ಹಚ್ಚಬೇಡಿ, ಅದು ಪೆಟ್ರೋಲ್‌ನಲ್ಲಿ ಕರಗಿ ಜೆಟ್ ಸೇರುತ್ತದೆ. ಲೋಟದಲ್ಲಿ ಕಂಡದ್ದಕ್ಕೆ ಉತ್ತರ ಕೊಡುವುದೂ ಈಗಲೇ: ಚೂರು ಬಂದಿದ್ದರೆ ಹೋಸ್ ಮತ್ತು ಬಲ್ಬ್ ಬದಲು, ನೀರು ಬಂದಿದ್ದರೆ ಟ್ಯಾಂಕ್ ಬರಿದು ಮಾಡಿ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್. ಹೊಸ ಬಲ್ಬ್‌ನ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಕಾರ್ಬುರೇಟರ್ ಕೂರಿಸಿ, ಬಲ್ಬ್ ಗಟ್ಟಿಯಾಗುವವರೆಗೆ ಹಿಸುಕಿ, ಹತ್ತು ನಿಮಿಷ ಗಂಟಲನ್ನು ಗಮನಿಸಿ. ಒಣಗಿದ್ದರೆ ಹೋಸ್ ಕಳಚಿ ಸಿಲಿಂಡರ್‌ನತ್ತ ಹೋಗಿ. ಅಲ್ಲಿ ತುಂಬಿರುವ ಪೆಟ್ರೋಲ್ ಖಾಲಿ ಮಾಡದೆ ಸ್ಟಾರ್ಟರ್ ಒತ್ತಬಾರದು. ದ್ರವ ಅದುಮುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪ್ಲಗ್ ವೈರ್‌ಗಳನ್ನು ರಂಧ್ರದಿಂದ ದೂರ ಎಂಜಿನ್ ಬಾಡಿಗೆ ಅರ್ತ್ ಮಾಡಿ. ಕಿಲ್ ಕ್ಲಿಪ್ ಹೊರಗೇ ಇರಲಿ. ಚೋಕ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ರಂಧ್ರಗಳ ಮೇಲೆ ಬಟ್ಟೆ ಮುಚ್ಚಿ ಹಗ್ಗವನ್ನು ನಿಧಾನವಾಗಿ ಎಂಟು ಹತ್ತು ಸಲ ಎಳೆಯಿರಿ. ಆವಿ ಆರಲು ಅರ್ಧ ಗಂಟೆ ಬಿಟ್ಟು ಒಣ ಪ್ಲಗ್ ಹಾಕಿ, ಬ್ಯಾಟರಿ, ಹೋಸ್, ಕಿಲ್ ಕ್ಲಿಪ್ ಮರಳಿ ಜೋಡಿಸಿ.

ನೀರಿಲ್ಲದೆ ಎಂಜಿನ್ ಓಡಿಸಬೇಡಿ, ವಾಟರ್ ಪಂಪ್‌ನ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಪ್ರೊಪೆಲ್ಲರ್ ತೆಗೆದು ಡ್ರಮ್‌ನ ನೀರಿನಲ್ಲಿ, ಇಲ್ಲವೇ ನೀರಿನ ಮಫ್ (ಎಂಜಿನ್‌ನ ನೀರೆಳೆಯುವ ಕಿಂಡಿಗೆ ಹೋಸ್‌ನಿಂದ ನೀರು ಕೊಡುವ ರಬ್ಬರ್ ಬಟ್ಟಲು) ಹಾಕಿ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷದ ಹೊಗೆ ಕ್ರ್ಯಾಂಕ್‌ಕೇಸ್‌ನಲ್ಲಿ ಉಳಿದ ಪೆಟ್ರೋಲ್‌ನದ್ದು. ಎಂಜಿನ್ ಬಿಸಿಯಾದ ಮೇಲೂ ಹತ್ತು ನಿಮಿಷ ಐಡಲ್ ಹಿಡಿದು, ನಿಲ್ಲಿಸಿದಾಗ ಏರ್ ಸೈಲೆನ್ಸರ್ ಒಣಗಿದ್ದರೆ ರಿಪೇರಿ ಹಿಡಿದಿದೆ.

ಫೋರ್ ಸ್ಟ್ರೋಕ್ ಇದ್ದವರು ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ಎತ್ತಿ ಮೂಸಿ ನೋಡಬೇಕು. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಮೇಲಿನ ಗುರುತು ದಾಟಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಯೇ ಎಂಜಿನ್ ತಿರುಗಿಸಿ. ಒಂದು ಗಂಟೆ ಓಡಿಸಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಿ. ಆಗಲೂ ಏರಿದ್ದರೆ ಪಂಪ್‌ನ ಡಯಾಫ್ರಾಮ್ ಮೊದಲು ಪರೀಕ್ಷಿಸಿ.