ಪದರ ರಚನೆಯ ಸೋಡಿಯಂ ಟೈಟನೇಟ್: ತಯಾರಿಕೆ, ಪರೀಕ್ಷೆ ಮತ್ತು ಬಳಕೆ

ಎರಡು ಸೋಡಿಯಂ, ಮೂರು ಟೈಟೇನಿಯಂ, ಏಳು ಆಮ್ಲಜನಕ ಪರಮಾಣುಗಳ ಅನುಪಾತದಲ್ಲಿ ಸೇರಿ ಆಗುವ ಸೋಡಿಯಂ ಟ್ರೈಟೈಟನೇಟ್ ನೋಡುವುದಕ್ಕೆ ಸಾಧಾರಣ ಬಿಳಿ ಪುಡಿ. ಇದರ ಸ್ಫಟಿಕ ರಚನೆಯನ್ನು 1961ರಲ್ಲಿ ಆಂಡರ್ಸನ್ ಮತ್ತು ವಾಡ್ಸ್ಲಿ ವಿವರಿಸಿದರು. ಪ್ರತಿ ಟೈಟೇನಿಯಂ ಪರಮಾಣುವನ್ನು ಆರು ಆಮ್ಲಜನಕಗಳು ಸುತ್ತುವರಿದು ಒಂದು ಅಷ್ಟಮುಖಿಯಾಗುತ್ತದೆ. ಈ ಅಷ್ಟಮುಖಿಗಳು ಅಂಚಿಗೆ ಅಂಚು ಕೂಡಿ ಮೂರರ ಅಗಲದ ಪಟ್ಟಿಗಳಾಗಿ, ಆ ಪಟ್ಟಿಗಳು ಮೂಲೆಗಳಲ್ಲಿ ಬೆಸೆದುಕೊಂಡು ಅಂಕುಡೊಂಕಾದ ಪದರಗಳಾಗುತ್ತವೆ. ಋಣಾವೇಶವಿರುವ ಆ ಪದರಗಳ ನಡುವೆ ಸೋಡಿಯಂ ಅಯಾನುಗಳು ನೆಲೆಸಿರುತ್ತವೆ. ಈ ವಸ್ತುವಿನ ಉಪಯೋಗಗಳೂ ಅದರ ಕೆಡುಕುಗಳೂ ಬಹುಮಟ್ಟಿಗೆ ಈ ಸೋಡಿಯಂನಿಂದಲೇ ಬರುತ್ತವೆ. ಆದ್ದರಿಂದ ತೂಕದಿಂದ ಹಿಡಿದು ಶೇಖರಣೆಯವರೆಗೆ ಪ್ರತಿ ಹಂತದಲ್ಲೂ ಸೋಡಿಯಂನ ಲೆಕ್ಕವನ್ನು ಇಡಬೇಕು.

10 ಗ್ರಾಂ ಉತ್ಪನ್ನಕ್ಕೆ 7.95 ಗ್ರಾಂ ಟೈಟೇನಿಯಂ ಡೈಆಕ್ಸೈಡ್ ಮತ್ತು 3.51 ಗ್ರಾಂ ಸೋಡಿಯಂ ಕಾರ್ಬೊನೇಟ್ ಬೇಕು. ಟೈಟೇನಿಯಂ ಡೈಆಕ್ಸೈಡ್ ಸಣ್ಣ ಕಣಗಳ ಅನಟೇಸ್ ರೂಪದ್ದಾಗಿದ್ದರೆ ಕ್ರಿಯೆ ಸಲೀಸಾಗಿ ನಡೆಯುತ್ತದೆ. ಸೋಡಿಯಂ ಕಾರ್ಬೊನೇಟ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಒಣಗಿಸದೆ ತೂಗಿದರೆ ನೀರನ್ನೇ ಸೋಡಿಯಂ ಎಂದು ಎಣಿಸಿದಂತಾಗುತ್ತದೆ. ಅದನ್ನು ಮೊದಲು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟು, ತೇವ ಸೇರದಂತೆ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ತಣಿಸಿ, ತಕ್ಷಣ ತೂಗಬೇಕು. ಕಾಯಿಸುವಾಗ ಸ್ವಲ್ಪ ಸೋಡಿಯಂ ಆವಿಯಾಗಿ ಹೋಗುವ ಕಾರಣ ಹಲವರು ಶೇಕಡಾ 10ರಷ್ಟು ಕಾರ್ಬೊನೇಟನ್ನು ಹೆಚ್ಚಿಗೆ ಸೇರಿಸುತ್ತಾರೆ. ಶೇಕಡಾ 5ರಿಂದ, ಅಂದರೆ 3.69 ಗ್ರಾಂನಿಂದ ಆರಂಭಿಸಿ, ಪರೀಕ್ಷೆಯ ಫಲಿತಾಂಶ ನೋಡಿ ಏರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಪ್ರತಿ ಕುಲುಮೆಯ ನಷ್ಟವೂ ಬೇರೆಬೇರೆಯಾಗಿರುತ್ತದೆ, ಮತ್ತು ಉಳಿದುಹೋದ ಕಾರ್ಬೊನೇಟ್ ಮುಂದೆ ಪುಡಿಯನ್ನು ಇನ್ನಷ್ಟು ಕ್ಷಾರೀಯವಾಗಿಸುತ್ತದೆ.

ಎರಡನ್ನೂ ಅಗೇಟ್ ಕಲ್ಬತ್ತಿನಲ್ಲಿ ಸ್ವಲ್ಪ ಎಥನಾಲ್ ಹಾಕಿ ಅರ್ಧ ಗಂಟೆ ಅರೆದು, ಒಣಗಿಸಿ, ಸಾಧ್ಯವಿದ್ದರೆ ಬಿಲ್ಲೆಯಾಗಿ ಒತ್ತಿ, ಅಲ್ಯೂಮಿನಾ ಮೂಸೆಯಲ್ಲಿ ಇಡಬೇಕು. 800 ಡಿಗ್ರಿಯಲ್ಲಿ ಸುಮಾರು 20 ಗಂಟೆ ಕಾಯಿಸುವುದು ರೂಢಿ. ಸೋಡಿಯಂ ಕಾರ್ಬೊನೇಟ್ 851 ಡಿಗ್ರಿಯಲ್ಲಿ ಕರಗುತ್ತದೆ. ಕ್ರಿಯೆ ಮುಗಿಯುವ ಮೊದಲು ಆ ಮಟ್ಟ ಮುಟ್ಟಿದರೆ ದ್ರವ ಮೂಸೆಗೆ ಇಳಿದು ಮಿಶ್ರಣದ ಪ್ರಮಾಣ ಕೆಡುತ್ತದೆ. ಅವಧಿಯ ನಡುವೆ ಒಮ್ಮೆ ತಣಿಸಿ, ಮತ್ತೆ ಅರೆದು, ಪುನಃ ಕಾಯಿಸುವುದನ್ನು ತಪ್ಪಿಸಬಾರದು. ಘನ ಪದಾರ್ಥಗಳ ನಡುವಿನ ಕ್ರಿಯೆ ಕಣಗಳು ತಾಗುವಲ್ಲಿ ಮಾತ್ರ ನಡೆಯುವುದರಿಂದ, ಹೊಸ ಮೇಲ್ಮೈಗಳನ್ನು ಒಡ್ಡದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಮೂಸೆಯ ಸಮೇತ ಮೊದಲೂ ಕೊನೆಗೂ ತೂಗಿದರೆ ಒಳ್ಳೆಯ ಸುಳಿವು ಸಿಗುತ್ತದೆ: ಮೇಲಿನ ಪ್ರಮಾಣಕ್ಕೆ ಸುಮಾರು 1.46 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ತೂಕ ಅದಕ್ಕಿಂತ ಗಣನೀಯವಾಗಿ ಕಡಿಮೆ ಇಳಿದಿದ್ದರೆ ಕ್ರಿಯೆ ಇನ್ನೂ ಪೂರ್ಣವಾಗಿಲ್ಲ.

ಶುದ್ಧತೆಯನ್ನು ಕ್ಷ-ಕಿರಣ ವಿವರ್ತನೆಯಿಂದ, ಅಂದರೆ ಸ್ಫಟಿಕದಿಂದ ಕಿರಣ ಯಾವ ಕೋನಗಳಲ್ಲಿ ಚದುರುತ್ತದೆ ಎಂದು ಅಳೆದು, ನಿರ್ಧರಿಸಬೇಕು. ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಪದರಗಳ ಅಂತರವನ್ನು ಸೂಚಿಸುವ ಪ್ರಬಲ ಶಿಖರ ಸುಮಾರು 10.5 ಡಿಗ್ರಿ ಕೋನದಲ್ಲಿ (2θ) ಬರುತ್ತದೆ, ಇದು 8.4 ಆಂಗ್‌ಸ್ಟ್ರಾಮ್ ಅಂತರಕ್ಕೆ ಸಮ. 11.8 ಡಿಗ್ರಿಯ ಬಳಿ ಇನ್ನೊಂದು ಶಿಖರ ಎದ್ದರೆ ಸೋಡಿಯಂ ಕಡಿಮೆಯಾಗಿ, ಸುರಂಗ ರಚನೆಯ ಸೋಡಿಯಂ ಹೆಕ್ಸಾಟೈಟನೇಟ್ ಸೇರಿಕೊಂಡಿದೆ ಎಂದರ್ಥ. ಮುಂದಿನ ಸಲ ಕಾರ್ಬೊನೇಟನ್ನು ಏರಿಸಬೇಕು. 25.3 ಡಿಗ್ರಿಯಲ್ಲಿ ಅನಟೇಸ್‌ನ ಶಿಖರ ಉಳಿದಿದ್ದರೆ ಮತ್ತೊಮ್ಮೆ ಅರೆದು ಕಾಯಿಸಬೇಕು.

ಈ ವಸ್ತುವಿನ ಬಗ್ಗೆ ಇಂದಿನ ಆಸಕ್ತಿ ಮುಖ್ಯವಾಗಿ ಸೋಡಿಯಂ-ಅಯಾನ್ ಬ್ಯಾಟರಿಯದ್ದು. ಸೋಡಿಯಂ ಲೋಹಕ್ಕೆ ಹೋಲಿಸಿದರೆ ಕೇವಲ 0.3 ವೋಲ್ಟ್ ಆಸುಪಾಸಿನಲ್ಲಿ ಇದು ಸೋಡಿಯಂ ಅಯಾನುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ ಎಂಬುದು 2011ರಲ್ಲಿ ಪ್ರಕಟವಾಯಿತು. ಒಂದು ಸೂತ್ರಕ್ಕೆ ಎರಡು ಸೋಡಿಯಂ ಸೇರಿದರೆ ಗ್ರಾಂಗೆ 177 ಮಿಲಿಆಂಪಿಯರ್-ಗಂಟೆಯ ಸಾಮರ್ಥ್ಯ ದೊರೆಯುತ್ತದೆ. ಆದರೆ ಇದು ವಿದ್ಯುತ್ತನ್ನು ಚೆನ್ನಾಗಿ ಹರಿಸದ ಆಕ್ಸೈಡ್. ಹಾಗಾಗಿ ಪ್ರಯೋಗದ ವಿದ್ಯುದ್ವಾರದಲ್ಲಿ 70 ಪಾಲು ಟೈಟನೇಟ್, 20 ಪಾಲು ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಸುವ ನುಣುಪಾದ ಇಂಗಾಲದ ಪುಡಿ), 10 ಪಾಲು ಅಂಟು ಎಂಬಂತಹ ಪ್ರಮಾಣ ಬೇಕಾಗುತ್ತದೆ. ಸೋಡಿಯಂ ಅಲ್ಯೂಮಿನಿಯಂನೊಂದಿಗೆ ಮಿಶ್ರಲೋಹವಾಗದ ಕಾರಣ ತಾಮ್ರದ ಬದಲು ಅಲ್ಯೂಮಿನಿಯಂ ಹಾಳೆಯ ಮೇಲೆಯೇ ಲೇಪಿಸಬಹುದು. ನೀರಿನಲ್ಲಿ ಕಲಸುವ ಅಂಟನ್ನು ಬಳಸುವುದಾದರೆ ಕಲಸಿದ ಲೇಪವನ್ನು ಹೆಚ್ಚು ಹೊತ್ತು ಹಾಗೆಯೇ ಇಡಬಾರದು, ಏಕೆಂದರೆ ಪದರಗಳ ಸೋಡಿಯಂ ನೀರಿಗಿಳಿದು ಲೇಪ ಕ್ಷಾರೀಯವಾಗುತ್ತದೆ, ಕ್ಷಾರ ಹಾಳೆಯನ್ನು ತಿನ್ನುತ್ತದೆ. ಸೋಡಿಯಂ ಲೋಹ ಬಳಸಿ ಕೋಶವನ್ನು ಜೋಡಿಸುವ ಕೆಲಸ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೇ ನಡೆಯಬೇಕು.

ಬ್ಯಾಟರಿ ಕೋಶದ ಮೊದಲ ಆವರ್ತದ (ಒಮ್ಮೆ ತುಂಬಿಸಿ ಬರಿದಾಗಿಸುವುದರ) ಅಳತೆಗಳನ್ನು ಓದುವಾಗ ಎಚ್ಚರ ಅಗತ್ಯ. 0.7 ವೋಲ್ಟ್ ಸುತ್ತ ಕಾಣುವ ಸಾಮರ್ಥ್ಯ ಬಹುಪಾಲು ಕಾರ್ಬನ್ ಬ್ಲ್ಯಾಕ್‌ನಲ್ಲಿ ಮತ್ತು ಕೋಶದೊಳಗಿನ ವಿದ್ಯುದ್ವಿಚ್ಛೇದ್ಯ ದ್ರಾವಣದ ವಿಘಟನೆಯಲ್ಲಿ ಖರ್ಚಾದ ಸೋಡಿಯಂ; ಅದು ಮರಳಿ ಬರುವುದಿಲ್ಲ. ಅದನ್ನು ಟೈಟನೇಟಿನ ಸಾಮರ್ಥ್ಯಕ್ಕೆ ಸೇರಿಸಿ ಹೇಳುವುದು ಸರಿಯಲ್ಲ.

ಸೋಡಿಯಂನ ಚಲನಶೀಲತೆಯನ್ನು ಇನ್ನೊಂದು ರೀತಿಯಲ್ಲೂ ಬಳಸಿಕೊಳ್ಳಬಹುದು. ಪುಡಿಯನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಕೆಲವು ದಿನ ಕಲಕಿ, ಆಮ್ಲವನ್ನು ಆಗಾಗ ಬದಲಿಸುತ್ತಿದ್ದರೆ ಸೋಡಿಯಂ ಜಾಗಕ್ಕೆ ಹೈಡ್ರೋಜನ್ ಬರುತ್ತದೆ. ಪದರಗಳು ಹತ್ತಿರವಾಗುವುದರಿಂದ ವಿವರ್ತನೆಯ ಮೊದಲ ಶಿಖರ ಹೆಚ್ಚಿನ ಕೋನಕ್ಕೆ ಸರಿಯುತ್ತದೆ. ಹೀಗೆ ದೊರೆತ ಆಮ್ಲರೂಪವನ್ನು ತೊಳೆದು, ಒಣಗಿಸಿ, 400 ಡಿಗ್ರಿಯಲ್ಲಿ ಕಾಯಿಸಿದರೆ ಲಿಥಿಯಂ ಬ್ಯಾಟರಿಗೆ ಒದಗುವ, ಬಿ-ರೂಪ ಎಂದು ಕರೆಯುವ ಸ್ಫಟಿಕ ರೂಪದ ಟೈಟೇನಿಯಂ ಡೈಆಕ್ಸೈಡ್ ಸಿಗುತ್ತದೆ. ಬಿಸಿ ಹೆಚ್ಚಾದರೆ ಅದು ಅನಟೇಸ್ ಆಗಿಬಿಡುತ್ತದೆ.

ಇದೇ ಅಯಾನು ವಿನಿಮಯ ಗುಣದಿಂದ ಸೋಡಿಯಂ ಟೈಟನೇಟ್‌ಗಳು ವಿಕಿರಣಶೀಲ ತ್ಯಾಜ್ಯದ್ರವದಿಂದ ಸ್ಟ್ರಾನ್ಷಿಯಂ ತೆಗೆಯಲು ನೆರವಾಗುತ್ತವೆ. ಅಮೆರಿಕದ ಸವಾನ್ನಾ ರಿವರ್ ತಾಣದಲ್ಲಿ ಬಳಸುವ ಮಾನೋಸೋಡಿಯಂ ಟೈಟನೇಟ್ ಈ ಬಗೆಯದ್ದು. ಆದರೆ ಅದು ಸ್ಫಟಿಕ ರೂಪ ತಾಳದ, ಕಡಿಮೆ ತಾಪದಲ್ಲಿ ಮಾಡಿದ ವಸ್ತು. 800 ಡಿಗ್ರಿಯಲ್ಲಿ ಕಾಯಿಸಿದ ಒರಟು ಸ್ಫಟಿಕಗಳಿಂದ ಅದೇ ವೇಗವನ್ನು ನಿರೀಕ್ಷಿಸಬಾರದು. ದ್ರವದಲ್ಲಿ ಕ್ಯಾಲ್ಸಿಯಂ ಇದ್ದರೆ ಅದೂ ಜಾಗಕ್ಕಾಗಿ ಪೈಪೋಟಿ ನಡೆಸುತ್ತದೆ.

ತಯಾರಾದ ಪುಡಿಯನ್ನು ಬಾಯಿ ಬಿಗಿದ ಸೀಸೆಯಲ್ಲಿ, ಡೆಸಿಕೇಟರ್‌ನೊಳಗೆ ಇಡಬೇಕು. ತೆರೆದಿಟ್ಟರೆ ಮೇಲ್ಮೈಯ ಸೋಡಿಯಂ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನೊಡನೆ ಕೂಡಿ ಕಾರ್ಬೊನೇಟ್ ಆಗುತ್ತದೆ. ಅರೆಯುವಾಗ ಮತ್ತು ಸುರಿಯುವಾಗ ಧೂಳು ತಡೆಯುವ ಮುಖಗವಸು ಕಡ್ಡಾಯ, ಕಣಗಳು ನೂಲಿನಂತೆ ಬೆಳೆದಿದ್ದರೆ ಇನ್ನೂ ಹೆಚ್ಚು.