ಕಲಬುರಗಿಯ ಬಿಸಿಲಲ್ಲಿ ಬಾಳಿದ ಕಾಲರ್

ಕೊರಳಿಗೆ ಹಾಕುವ ಚರ್ಮದ ಕಾಲರ್ ತಂಪು ಊರಿನವರಿಗೆ ಸರಿ, ಕಲಬುರಗಿಯ ಬೇಸಿಗೆಗಲ್ಲ ಎಂದು ನಮ್ಮ ಬಳಗದ ಇಬ್ಬರು ನಕ್ಕಿದ್ದರು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದ ದಿನ ಆರು ತಾಸು ಹಾಕಿಕೊಂಡಿದ್ದೆ. ಬಿಚ್ಚಿದಾಗ ಕೊರಳ ಮೇಲೆ ಒಂದು ಗೆರೆಯೂ ಇರಲಿಲ್ಲ. ಈಗ ಇಬ್ಬರೂ ಅಳತೆ ಕೇಳುತ್ತಿದ್ದಾರೆ. ಇದು ಬಿಡಿಎಸ್‌ಎಂ ಕಾಲರ್, ಅಂದರೆ ಇಬ್ಬರೂ ಒಪ್ಪಿ, ಒಬ್ಬರು ಆಳುವ ಇನ್ನೊಬ್ಬರು ಮಣಿಯುವ ಆಟದ್ದು. ನಮ್ಮ ಮನೆಯಲ್ಲಿ ಧರಿಸುವವಳು ನಾನು, ಬಕಲ್ ಹಾಕುವವರು ನಮ್ಮ ಯಜಮಾನರು, ‘ಸಾಕು’ ಎನ್ನುವ ಮಾತು ನನ್ನದು.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ಸುಮಾರು 1,800 ರೂಪಾಯಿಗೆ ತರಿಸಿದ್ದೆ. ಚರ್ಮ ಎಂದು ಬರೆದಿದ್ದರು, ಬಂದದ್ದು ರೆಕ್ಸಿನ್. ಬಕಲ್‌ಗೆ ನಿಕಲ್ ಲೇಪ. ಎರಡನೇ ದಿನಕ್ಕೆ ಬಕಲ್ ಇದ್ದ ಜಾಗದಲ್ಲಿ ಕೆಂಪು ಗಂದೆಗಳೆದ್ದವು. ಚರ್ಮದ ವೈದ್ಯರಿಗೆ ‘ಕೃತಕ ಸರ’ ಎಂದು ಸುಳ್ಳು ಹೇಳಿದೆ, ಮುಲಾಮು ಸೇರಿ ಏಳುನೂರು ಹೋಯಿತು.

ಎರಡನೆಯದು ಬೀಗದ್ದು. ನೈಲಾನ್ ಪಟ್ಟಿ, ಒಳಗೆ ಉಕ್ಕಿನ ತಗಡು. ಅತ್ತೆಯವರು ಊರಿಗೆ ಹೋಗಿದ್ದ ವಾರವದು. ಇವರು ಕೀಲಿ ಜೇಬಿನಲ್ಲಿಟ್ಟುಕೊಂಡೇ ಸೇಡಂಗೆ ಕೆಲಸಕ್ಕೆ ಹೊರಟುಬಿಟ್ಟರು. ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ಬೆವರಿಗೆ ಪಟ್ಟಿ ಕೊರಳಿಗೆ ಅಂಟಿಕೊಂಡಿದೆ. ಬ್ಲೌಸ್ ಹೊಲಿಯುವವಳು ನಾನು, ಮನೆಯಲ್ಲಿ ಕತ್ತರಿಗೇನು ಬರವೇ? ಒಂದೂ ಆ ತಗಡನ್ನು ಕತ್ತರಿಸಲಿಲ್ಲ. ನಾಲ್ಕು ತಾಸು ಹಾಗೇ ಕುಳಿತೆ. ಅಂದಿನಿಂದ ಬೀಗ ಬಂದ್. ಕತ್ತರಿಗೆ ಬಗ್ಗದ ಯಾವುದನ್ನೂ ನಾನು ಕೊರಳಿಗೆ ಹಾಕುವುದಿಲ್ಲ, ಒಬ್ಬಳೇ ಇದ್ದಾಗ ಹಾಕುವುದಿಲ್ಲ, ಹಾಕಿಕೊಂಡು ಮಲಗುವುದಿಲ್ಲ. ಆಂಬುಲೆನ್ಸ್‌ನವರು ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ 250 ರೂಪಾಯಿಗೆ ಸಿಗುತ್ತದೆ, ಅದು ದಿಂಬಿನ ಪಕ್ಕದಲ್ಲೇ ಇರುತ್ತದೆ.

ಮೂರನೆಯದನ್ನು ನಾನೇ ಮಾಡಿಸಲು ಹೊರಟೆ. ಚಪ್ಪಲ್ ಬಜಾರ್ ಕಡೆ ಒಬ್ಬ ಹಿರಿಯರಿದ್ದಾರೆ, ರಂಪಿಗೆ ಹಿಡಿದರೆ ಗೆರೆ ಎಳೆದಂತೆ ಕತ್ತರಿಸುತ್ತಾರೆ. ಅಳತೆ ಕೊಟ್ಟಾಗ ಕೇಳಿದರು: “ನಾಯಿ ಯಾವ ಜಾತಿಯದು, ತಂಗಿ?”

“ಮುಧೋಳ.”

“ಮುಧೋಳದ ನಾಯಿಗೆ ಇಷ್ಟು ಮೆತ್ತನೆಯ ಒಳಪದರ ಯಾಕೆ?” ಎಂದು ಒಮ್ಮೆ ನೋಡಿ ಸುಮ್ಮನಾದರು.

ಚರ್ಮ ತೊಗಟೆಯಲ್ಲಿ ಹದ ಮಾಡಿದ್ದೇ ಬೇಕೆಂದೆ. ಪರೀಕ್ಷೆಗೆ ಒಂದು ಚೂರನ್ನು ಮನೆಗೆ ತಂದು ಸುಟ್ಟೆ. ತೊಗಟೆಯ ಬದಲು ಕ್ರೋಮ್ ಎಂಬ ರಾಸಾಯನಿಕ ಹಾಕಿ ಹದ ಮಾಡಿದ್ದರೆ ಬೂದಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಮೊದಲ ಚೂರು ಹಸಿರಾಯಿತು, ವಾಪಸ್ ಕೊಟ್ಟೆ.

ಅಳತೆಯಲ್ಲಿ ಎಡವಿದ್ದು ಮಾತ್ರ ನಾನೇ. ಹದಿನೈದು ವರ್ಷ ಟೇಪು ಹಿಡಿದವಳು ಎಂಬ ಸೊಕ್ಕು. ನನ್ನ ಕೊರಳು ಬುಡದಲ್ಲಿ ಸುಮಾರು 13 ಇಂಚು, ಸಂಜೆಗೆ ಕಾಲು ಇಂಚು ಹೆಚ್ಚು. ಎರಡು ಬೆರಳಿಗೆಂದು ಮುಕ್ಕಾಲು ಇಂಚು ಸೇರಿಸಿ ಕೊಟ್ಟೆ. ಹಾಕಿಕೊಂಡರೆ ಒಂದು ಬೆರಳೂ ಹೋಗಲಿಲ್ಲ! ಪಟ್ಟಿಯ ದಪ್ಪ 4 ಮಿಲಿಮೀಟರ್. ಅದನ್ನು ಸುತ್ತಿದಾಗ ಒಳಸುತ್ತು ಹೊರಸುತ್ತಿಗಿಂತ ಹತ್ತಿರ ಹತ್ತಿರ ಒಂದು ಇಂಚು ಕಡಿಮೆಯಾಗುತ್ತದೆ. ಬ್ಲೌಸ್ ಬಟ್ಟೆಗೆ ದಪ್ಪವೇ ಇಲ್ಲದ್ದರಿಂದ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೇಲಾಗಿ ಚಪ್ಪಟೆಯಾಗಿಟ್ಟು ಅಂಟಿಸಿದ ಆಡಿನ ಚರ್ಮದ ಒಳಪದರ ಬಾಗಿದಾಗ ಸುಕ್ಕುಗಟ್ಟಿತು. ಆ ಸುಕ್ಕೇ ಕೊರಳನ್ನು ಕಚ್ಚುತ್ತಿದ್ದದ್ದು. ಎರಡನೇ ಸಲ ಸ್ಟೀಲ್ ಚೊಂಬಿನ ಸುತ್ತ ಪಟ್ಟಿ ಬಾಗಿಸಿಟ್ಟು ಒಳಪದರ ಅಂಟಿಸಿ, ಆಮೇಲೆ ಹೊಲಿಸಿದೆ. ಅಳತೆ ತೆಗೆಯುವುದೂ ಈಗ ಒಳಸುತ್ತಿನಿಂದಲೇ. ಕುಳಿತು, ಮಲಗಿ, ಗಲ್ಲ ಎದೆಗೆ ತಾಗಿಸಿ, ಒಂದು ಲೋಟ ನೀರು ಕುಡಿದು, ಎಲ್ಲದರಲ್ಲೂ ಎರಡು ಬೆರಳು ಸಲೀಸಾಗಿ ಹೋಗಬೇಕು. ಅಂಚಿಗೆ ಏನು ತಿಕ್ಕಿ ನುಣುಪು ಮಾಡಿದೆ ಎಂಬುದನ್ನು ಹೇಳುವುದಿಲ್ಲ, ಅದಕ್ಕೆ ಎಂಟು ತಿಂಗಳು ಹಿಡಿದಿದೆ.

ನಡುವೆ ಬೀದರ್‌ನಿಂದ ಬಿದರಿ ಕೆಲಸದ ಪುಟ್ಟ ಬಿಲ್ಲೆ ತರಿಸಿ ತೂಗುಹಾಕಿದೆ. ಬೆಳ್ಳಿಯ ಹೂವು ಕಪ್ಪಿನ ಮೇಲೆ ಎಷ್ಟು ಚೆಂದ! ಬೆವರಿಗೆ ಕಪ್ಪು ಮಾಸಿ ಬೂದುಬಣ್ಣ ಕಾಣಿಸಿಕೊಂಡಿತು. ಈಗ ಅದು ಇವರ ಕೀಲಿಗೊಂಚಲಿನಲ್ಲಿದೆ.

ಬಕಲ್, ರಿಂಗು ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಾಲರ್ ಕೊರಳ ಬುಡದಲ್ಲಿ ಕೂರುತ್ತದೆ, ಗಂಟಲ ಗಂಟಿನ ಮೇಲಲ್ಲ. ಅಗಲ ಒಂದೂಕಾಲು ಇಂಚು. ಎರಡು ಇಂಚಿನದು ನನ್ನ ಗಿಡ್ಡ ಕೊರಳಿಗೆ ಗಲ್ಲ ತಾಗುತ್ತಿತ್ತು. ಹಗ್ಗ ಕಟ್ಟಿ ಎಳೆಯುವುದಂತೂ ಇಲ್ಲವೇ ಇಲ್ಲ. ಮುಂದೆ ಶ್ವಾಸನಾಳ, ಪಕ್ಕದಲ್ಲಿ ಮೆದುಳಿಗೆ ಹೋಗುವ ರಕ್ತನಾಳ, ಅಲ್ಲಿ ಆಟವಿಲ್ಲ. ಎಳೆಯಬೇಕೆಂದರೆ ಸೊಂಟದ ಪಟ್ಟಿಯಿದೆ. ಆದರೂ ಎಲ್ಲಾದರೂ ಸಿಕ್ಕಿಕೊಂಡರೆ ಎಂದು ಹಿಂಬದಿಯಲ್ಲಿ ಪ್ರೆಸ್ ಬಟನ್ ಜೋಡಣೆ ಇಡಿಸಿದೆ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿದೆ, ನಾಲ್ಕೈದು ಕಿಲೋಗೆ ಬಿಚ್ಚಿಕೊಳ್ಳುತ್ತದೆ. ಎರಡು ಬಟನ್ ಹಾಕಿಸಿದಾಗ ಒಂಬತ್ತಕ್ಕೂ ಬಿಚ್ಚಲಿಲ್ಲ, ಒಂದನ್ನು ಕೀಳಿಸಿದೆ.

ಕೊನೆಯದಕ್ಕೆ ಬಿದ್ದ ಖರ್ಚು 900 ರೂಪಾಯಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಳೆದದ್ದು ಆರು ಸಾವಿರದ ಹತ್ತಿರ, ಇವರಿಗೆ ನಾಲ್ಕು ಎಂದು ಹೇಳಿದ್ದೇನೆ. ಕಳೆದ ವಾರ ಗೆಳತಿಯ ಅಳತೆ ಹಿಡಿದು ಮತ್ತೆ ಚಪ್ಪಲ್ ಬಜಾರ್‌ಗೆ ಹೋದೆ. ಹಿರಿಯರು ಚೀಟಿ ನೋಡಿ, “ಇದೂ ಮುಧೋಳವೇ?” ಎಂದರು. ಒಳಪದರಕ್ಕೆ ಆಡಿನ ಚರ್ಮವನ್ನು ನಾನು ಹೇಳುವ ಮೊದಲೇ ತೆಗೆದಿಟ್ಟಿದ್ದರು.